ಎಎಂಎಚ್ ರಿಪೋರ್ಟ್ ಓದುವ ಕ್ರಮ

ಮಗುವಿಗಾಗಿ ಪ್ರಯತ್ನಿಸುತ್ತಿರುವವರ ಫೈಲಿನಲ್ಲಿ ಸೇರುವ ಲ್ಯಾಬ್ ರಿಪೋರ್ಟುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನಿದ್ದೆಗೆಡಿಸುವುದು ಎಎಂಎಚ್ ಎಂಬ ಹಾರ್ಮೋನಿನ ರಕ್ತಪರೀಕ್ಷೆ. ಅದರಲ್ಲಿರುವುದು ಒಂದೇ ಅಂಕಿ, ಪಕ್ಕದಲ್ಲಿ ಕೆಲವೊಮ್ಮೆ ‘ಕಡಿಮೆ’ ಎಂಬ ಗುರುತು. ಅದನ್ನು ನೋಡಿದ ಕೂಡಲೇ ‘ಇನ್ನು ನನಗೆ ಮಕ್ಕಳಾಗುವುದಿಲ್ಲ’ ಎಂದುಕೊಳ್ಳುವವರು ಬಹಳ. ಆ ತೀರ್ಮಾನ ತಪ್ಪು, ಮತ್ತು ಅದರಿಂದ ಆಗುವ ಸಂಕಟ ದೊಡ್ಡದು. ಈ ಪರೀಕ್ಷೆ ಒಂದು ಪ್ರಶ್ನೆಗೆ ಚೆನ್ನಾಗಿ ಉತ್ತರಿಸುತ್ತದೆ: ಐವಿಎಫ್‌ಗೆ (ಅಂಡ, ವೀರ್ಯಾಣುಗಳನ್ನು ದೇಹದ ಹೊರಗೆ ಕೂಡಿಸುವ ಚಿಕಿತ್ಸೆಗೆ) ಕೊಡುವ ಇಂಜೆಕ್ಷನ್‌ಗಳಿಗೆ ಅಂಡಾಶಯ ಎಷ್ಟು ಸ್ಪಂದಿಸಬಹುದು? ತಾನಾಗಿ ಗರ್ಭ ನಿಲ್ಲುವುದೇ ಎಂಬ ಪ್ರಶ್ನೆಯನ್ನು ಇದರ ಮುಂದಿಟ್ಟರೆ ಸಿಗುವ ಉತ್ತರ ನಂಬಲರ್ಹವಲ್ಲ.

ಈ ಹಾರ್ಮೋನ್ ಎಲ್ಲಿಂದ ಬರುತ್ತದೆ

ಎಎಂಎಚ್ ಎಂದರೆ ಆಂಟಿ ಮುಲ್ಲೇರಿಯನ್ ಹಾರ್ಮೋನ್. ಹೆಸರು ಕೇಳಿದರೆ ಅಂಡಾಶಯಕ್ಕೂ ಇದಕ್ಕೂ ಸಂಬಂಧವೇ ಕಾಣುವುದಿಲ್ಲ. ಭ್ರೂಣದಲ್ಲಿ ಮುಂದೆ ಗರ್ಭಕೋಶ ಮತ್ತು ಗರ್ಭನಾಳಗಳಾಗಿ ಬೆಳೆಯುವ ಒಂದು ಜೊತೆ ನಾಳಗಳಿವೆ. ಜರ್ಮನಿಯ ಅಂಗರಚನಾ ವಿಜ್ಞಾನಿ ಯೋಹಾನೆಸ್ ಮುಲ್ಲರ್ ಹೆಸರಿನಿಂದ ಅವನ್ನು ಮುಲ್ಲೇರಿಯನ್ ನಾಳಗಳು ಎನ್ನುತ್ತಾರೆ. ಗಂಡು ಭ್ರೂಣದ ವೃಷಣ ಸ್ರವಿಸುವ ಈ ಹಾರ್ಮೋನ್ ಆ ನಾಳಗಳನ್ನು ಕರಗಿಸಿಬಿಡುತ್ತದೆ. ಅಂಥದೊಂದು ವಸ್ತು ಇರಲೇಬೇಕೆಂದು ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್ 1940ರ ದಶಕದಲ್ಲಿ ಮೊಲದ ಭ್ರೂಣಗಳ ಮೇಲಿನ ಪ್ರಯೋಗಗಳಿಂದ ತೋರಿಸಿದರು. ಹೆಂಗಸರ ಅಂಡಾಶಯವೂ ಇದನ್ನೇ ತಯಾರಿಸುತ್ತದೆ ಎಂಬುದು ತಿಳಿದದ್ದು ಬಹಳ ತಡವಾಗಿ.

ಅಂಡಾಶಯದಲ್ಲಿ ಪ್ರತಿ ಅಂಡವೂ ಒಂದು ಪುಟ್ಟ ಚೀಲದೊಳಗಿರುತ್ತದೆ. ಅದೇ ಫಾಲಿಕಲ್. ಬಹುಪಾಲು ಫಾಲಿಕಲ್‌ಗಳು ವರ್ಷಾನುಗಟ್ಟಲೆ ನಿದ್ರಾವಸ್ಥೆಯಲ್ಲಿರುತ್ತವೆ. ಅವುಗಳಿಂದ ಎಎಂಎಚ್ ಬರುವುದಿಲ್ಲ. ದಿನವೂ ಅವುಗಳಲ್ಲಿ ಕೆಲವು ಎಚ್ಚೆತ್ತು ಬೆಳೆಯತೊಡಗುತ್ತವೆ. ಹೀಗೆ ಬೆಳೆಯಲು ಶುರುಮಾಡಿದಲ್ಲಿಂದ ಸುಮಾರು 8 ಮಿಲಿಮೀಟರ್ ಗಾತ್ರಕ್ಕೆ ಬರುವವರೆಗೆ ಅಂಡವನ್ನು ಸುತ್ತುವರಿದ ಜೀವಕೋಶಗಳು ಎಎಂಎಚ್ ಸ್ರವಿಸುತ್ತವೆ. ಅದಕ್ಕಿಂತ ದೊಡ್ಡದಾದ ಮೇಲೆ ಸ್ರಾವ ತೀರಾ ಇಳಿಯುತ್ತದೆ. ಆ ತಿಂಗಳು ಒಡೆದು ಅಂಡ ಹೊರಬಿಡಲಿರುವ, 20 ಮಿಲಿಮೀಟರಿನ ಆಸುಪಾಸಿನ ಫಾಲಿಕಲ್‌ನ ಪಾಲು ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಮುಂದಿನ ಎಲ್ಲಕ್ಕೂ ಇದೇ ಕೀಲಿ. ರಕ್ತದಲ್ಲಿರುವ ಎಎಂಎಚ್ ಎಂದರೆ ನಡುದಾರಿಯಲ್ಲಿರುವ ಸಣ್ಣ ಫಾಲಿಕಲ್‌ಗಳ ಗುಂಪು ಎಷ್ಟು ದೊಡ್ಡದು ಎಂಬ ಸೂಚನೆ. ನಿದ್ರಾವಸ್ಥೆಯ ದಾಸ್ತಾನು ದೊಡ್ಡದಿದ್ದರೆ ಈ ಗುಂಪೂ ದೊಡ್ಡದಿರುತ್ತದೆ. ಆದ್ದರಿಂದಲೇ ‘ಅಂಡಾಶಯದ ದಾಸ್ತಾನಿನ ಪರೀಕ್ಷೆ’ ಎಂಬ ಹೆಸರು ಬಂದಿದೆ. ಆದರೆ ತಿಂಗಳಿಗೆ ಹೊರಬರುವುದು ಸಾಮಾನ್ಯವಾಗಿ ಒಂದೇ ಅಂಡ. ಗುಂಪಿನಲ್ಲಿ ಐದು ಫಾಲಿಕಲ್ ಇರಲಿ, ಇಪ್ಪತ್ತೈದು ಇರಲಿ, ಆ ಒಂದು ಅಂಡ ಸರಿಯಾಗಿ ಬಿಡುಗಡೆಯಾಗಿ ವೀರ್ಯಾಣುವನ್ನು ಕೂಡಿಕೊಂಡರೆ ಗರ್ಭ ನಿಲ್ಲಬಹುದು.

ದಾಸ್ತಾನು ಕರಗುವುದು ಹುಟ್ಟುವ ಮೊದಲೇ ಶುರುವಾಗುತ್ತದೆ. ತಾಯಿಯ ಹೊಟ್ಟೆಯಲ್ಲಿ 20 ವಾರದ ಹೊತ್ತಿಗೆ 60–70 ಲಕ್ಷ ಇರುವ ಅಂಡಗಳು ಹುಟ್ಟುವಾಗ 10–20 ಲಕ್ಷಕ್ಕೆ, ಮೈನೆರೆಯುವಾಗ 3–4 ಲಕ್ಷಕ್ಕೆ ಇಳಿದಿರುತ್ತವೆ. ಮುಟ್ಟು ನಿಲ್ಲುವ ಹೊತ್ತಿಗೆ ಉಳಿಯುವುದು ಸುಮಾರು ಸಾವಿರ. ಎಎಂಎಚ್ ಮಾತ್ರ ಹದಿಹರೆಯದಲ್ಲಿ ಏರುತ್ತಾ 25ರ ಆಸುಪಾಸಿನಲ್ಲಿ ತುದಿ ಮುಟ್ಟಿ, ಅಲ್ಲಿಂದ ಇಳಿಯುತ್ತಾ ಮುಟ್ಟು ನಿಲ್ಲುವ ಕೆಲವು ವರ್ಷ ಮೊದಲೇ ಯಂತ್ರಕ್ಕೆ ಸಿಗದಷ್ಟು ಕಡಿಮೆಯಾಗುತ್ತದೆ.

ರಕ್ತ ಕೊಡುವ ಮುಂಚೆ

ತೋಳಿನ ರಕ್ತನಾಳದಿಂದ 3–5 ಮಿಲಿಲೀಟರ್ ರಕ್ತ ಸಾಕು. ಖಾಲಿ ಹೊಟ್ಟೆಯಲ್ಲಿ ಇರಬೇಕಾಗಿಲ್ಲ. ಮುಟ್ಟಿನ ಚಕ್ರದ ಯಾವ ದಿನವಾದರೂ ಕೊಡಬಹುದು, ಏಕೆಂದರೆ ಸಣ್ಣ ಫಾಲಿಕಲ್‌ಗಳ ಗುಂಪು ತಿಂಗಳಿಡೀ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದರೆ ಅದೇ ಚೀಟಿಯಲ್ಲಿ ಎಫ್‌ಎಸ್‌ಎಚ್ (ಫಾಲಿಕಲ್ ಬೆಳೆಸುವ ಹಾರ್ಮೋನ್) ಮತ್ತು ಎಸ್ಟ್ರಡಿಯೋಲ್ (ಈಸ್ಟ್ರೋಜನ್‌ನ ಮುಖ್ಯ ರೂಪ) ಕೂಡ ಬರೆದಿದ್ದರೆ ಮುಟ್ಟಾದ 2ರಿಂದ 4ನೇ ದಿನದೊಳಗೆ ಹೋಗಬೇಕು. ರಕ್ತಸ್ರಾವ ಸರಿಯಾಗಿ ಶುರುವಾದ ದಿನವೇ ಒಂದನೇ ದಿನ. ಮುಂಚಿನ ಕಲೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಅಂಕಿಯನ್ನು ಸುಳ್ಳಾಗಿಸುವ ಸಂಗತಿಗಳು ಕೆಲವಿವೆ. ಮೊದಲನೆಯದು ಗರ್ಭನಿರೋಧಕ ಮಾತ್ರೆ. ಹಾರ್ಮೋನ್ ಇರುವ ಮಾತ್ರೆ, ಪ್ಯಾಚ್, ರಿಂಗ್‌ಗಳನ್ನು ಬಳಸುತ್ತಿರುವಾಗ ಎಎಂಎಚ್ ಶೇ. 20–30ರಷ್ಟು ಕಡಿಮೆ ಕಾಣಿಸಬಹುದು. ದಾಸ್ತಾನು ಅಲ್ಲಿಯೇ ಇರುತ್ತದೆ. ನಡುದಾರಿಯ ಗುಂಪನ್ನು ಮಾತ್ರೆ ತಡೆಹಿಡಿದಿರುತ್ತದೆ ಅಷ್ಟೆ. ನಿಲ್ಲಿಸಿದ ಎರಡು ಮೂರು ತಿಂಗಳಲ್ಲಿ ಮಟ್ಟ ಮತ್ತೆ ಮೇಲೇರುತ್ತದೆ. ಹಾಗೆಂದು ಪರೀಕ್ಷೆಗೋಸ್ಕರವೇ ಮಾತ್ರೆ ನಿಲ್ಲಿಸುವ ಮೊದಲು ವೈದ್ಯರನ್ನು ಕೇಳಿ. ಹಲವರು ಮಾತ್ರೆ ತೆಗೆದುಕೊಳ್ಳುತ್ತಿರುವುದು ವಿಪರೀತ ರಕ್ತಸ್ರಾವಕ್ಕೋ ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ತೊಂದರೆ) ನೋವಿಗೋ ಆಗಿರುತ್ತದೆ.

ಎರಡನೆಯದು ಬಯೋಟಿನ್ ಎಂಬ ಬಿ ಗುಂಪಿನ ವಿಟಮಿನ್. ಕೂದಲು, ಉಗುರಿಗೆಂದು ಮಾರುವ ಮಾತ್ರೆಗಳಲ್ಲಿ ಇದು 5–10 ಮಿಲಿಗ್ರಾಂ ಇರುವುದುಂಟು. ದೇಹಕ್ಕೆ ದಿನಕ್ಕೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ ಮಾತ್ರ. ಕೆಲವು ಯಂತ್ರಗಳ ಕಿಟ್‌ನಲ್ಲಿ ಹಾರ್ಮೋನನ್ನು ಹಿಡಿದಿಡುವ ಕೊಂಡಿಯೇ ಬಯೋಟಿನ್‌ನಿಂದ ಆಗಿರುತ್ತದೆ. ರಕ್ತದಲ್ಲಿ ಬಯೋಟಿನ್ ಧಾರಾಳವಾಗಿದ್ದರೆ ಅದು ಆ ಕೊಂಡಿಯ ಜಾಗವನ್ನು ಆಕ್ರಮಿಸಿಕೊಂಡು ಎಎಂಎಚ್ ಇಲ್ಲದ ಹಾಗೆ ತೋರಿಸುತ್ತದೆ. ಇಂಥ ಮಾತ್ರೆ ನುಂಗುತ್ತಿದ್ದರೆ ಕನಿಷ್ಠ ಎರಡು ಮೂರು ದಿನ ಮೊದಲು ನಿಲ್ಲಿಸಿ, ಲ್ಯಾಬ್‌ನವರಿಗೂ ಹೇಳಿ. ಯಾರೂ ಕೇಳದ, ಯಾರೂ ಹೇಳದ ವಿಷಯ ಇದು. ಅನಿರೀಕ್ಷಿತವಾಗಿ ಕಡಿಮೆ ಬಂದ ರಿಪೋರ್ಟಿನ ಎದುರು ಮೊದಲು ಕೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು.

ಗರ್ಭಿಣಿಯಾಗಿರುವಾಗ ಎಎಂಎಚ್ ಇಳಿಯುತ್ತದೆ. ಹೆರಿಗೆಯಾದ ಹೊಸತರಲ್ಲಿ ಮಾಡಿಸಿದರೂ ಅಂಕಿ ದಾರಿ ತಪ್ಪಿಸುತ್ತದೆ. ಅಂಡಾಶಯದ ಶಸ್ತ್ರಚಿಕಿತ್ಸೆ, ಅದರಲ್ಲೂ ಎಂಡೋಮೆಟ್ರಿಯೋಸಿಸ್‌ನ ಗಡ್ಡೆ ತೆಗೆದ ಮೇಲೆ ಬರುವ ಇಳಿಕೆಯಲ್ಲಿ ಸ್ವಲ್ಪ ಭಾಗ ತಿಂಗಳುಗಳಲ್ಲಿ ಮರಳಬಹುದು, ಉಳಿದದ್ದು ಶಾಶ್ವತ. ಅಂಥ ಶಸ್ತ್ರಚಿಕಿತ್ಸೆಗೆ ಮೊದಲೇ ಒಂದು ಎಎಂಎಚ್ ಮಾಡಿಸಿಟ್ಟರೆ ಆಮೇಲೆ ಹೋಲಿಸಲು ಆಧಾರವಿರುತ್ತದೆ. ಕೀಮೋಥೆರಪಿಗೂ ಇದೇ ಮಾತು; ಅಲ್ಲಿ ಈ ಪರೀಕ್ಷೆ ಚಿಕಿತ್ಸೆ ಶುರುವಾಗುವ ಮುಂಚೆಯೇ ಆಗಬೇಕು, ಅಂಡ ಶೇಖರಿಸಿಡುವ ಮಾತುಕತೆಯೂ ಆಗಲೇ ನಡೆಯಬೇಕು.

ಹಾಳೆಯ ಮೇಲೆ ಕಣ್ಣಾಡಿಸುವ ಕ್ರಮ

ಅಂಕಿಯನ್ನು ನೋಡುವ ಮೊದಲು ಅದರ ಮಾನ ನೋಡಿ. ಕೆಲವು ಲ್ಯಾಬ್‌ಗಳು ಒಂದು ಮಿಲಿಲೀಟರಿಗೆ ಎಷ್ಟು ನ್ಯಾನೋಗ್ರಾಂ ಎಂದು ಬರೆಯುತ್ತವೆ, ಕೆಲವು ಒಂದು ಲೀಟರಿಗೆ ಎಷ್ಟು ಪಿಕೋಮೋಲ್ ಎಂದು. 1 ನ್ಯಾನೋಗ್ರಾಂ ಎಂದರೆ 7.14 ಪಿಕೋಮೋಲ್. ನ್ಯಾನೋಗ್ರಾಂ ಅಂಕಿಯನ್ನು 7.14ರಿಂದ ಗುಣಿಸಿದರೆ ಪಿಕೋಮೋಲ್ ಸಿಗುತ್ತದೆ, ಪಿಕೋಮೋಲ್ ಅಂಕಿಯನ್ನು 7.14ರಿಂದ ಭಾಗಿಸಿದರೆ ನ್ಯಾನೋಗ್ರಾಂ. 2.5 ನ್ಯಾನೋಗ್ರಾಂ ಮತ್ತು 17.9 ಪಿಕೋಮೋಲ್ ಒಂದೇ. ‘5’ ಎಂದು ಬಂದ ರಿಪೋರ್ಟ್ ನ್ಯಾನೋಗ್ರಾಂ ಆಗಿದ್ದರೆ ಮೇಲ್ಮಟ್ಟದ್ದು. ಪಿಕೋಮೋಲ್ ಆಗಿದ್ದರೆ ಬರೇ 0.7. ಬೇರೆಯವರ ಅಂಕಿಯೊಡನೆ ತಮ್ಮದನ್ನು ಹೋಲಿಸಿಕೊಂಡು ಗಾಬರಿಯಾಗುವವರು, ಅಥವಾ ಸುಳ್ಳು ಧೈರ್ಯ ತಂದುಕೊಳ್ಳುವವರು, ಎಡವುವುದು ಹೆಚ್ಚಾಗಿ ಇಲ್ಲಿಯೇ.

ಆಮೇಲೆ ಪರೀಕ್ಷಾ ವಿಧಾನದ ಸಾಲು ನೋಡಿ. ಎಎಂಎಚ್‌ಗೆ ಹಲವು ಕಂಪನಿಗಳ ಕಿಟ್‌ಗಳಿವೆ, ಅವೆಲ್ಲ ಒಂದೇ ಅಳತೆಗೋಲಿಗೆ ಪೂರ್ತಿ ಹೊಂದಿಕೊಂಡಿಲ್ಲ. ಒಂದೇ ಸಿರಿಂಜಿನ ರಕ್ತವನ್ನು ಎರಡು ಕಡೆ ಕಳಿಸಿದರೆ ಶೇ. 20ಕ್ಕೂ ಹೆಚ್ಚು ವ್ಯತ್ಯಾಸ ಬರಬಹುದು. ಹಾಗಾಗಿ ಒಂದು ಲ್ಯಾಬ್‌ನಲ್ಲಿ 1.6, ಆರು ತಿಂಗಳ ಮೇಲೆ ಇನ್ನೊಂದರಲ್ಲಿ 1.2 ಎಂದು ಬಂದರೆ ‘ಇಷ್ಟು ಬೇಗ ಇಳಿಯಿತಲ್ಲ’ ಎಂದು ಕೊರಗಬೇಡಿ. ಇಳಿದಿರಬಹುದು, ಯಂತ್ರ ಬೇರೆಯಾಗಿದ್ದದ್ದೇ ಕಾರಣವೂ ಇರಬಹುದು. ಹೋಲಿಸಬೇಕೆಂದಿದ್ದರೆ ಪ್ರತಿಸಲವೂ ಅದೇ ಲ್ಯಾಬ್, ಅದೇ ವಿಧಾನ ಇರಲಿ.

‘0.01ಕ್ಕಿಂತ ಕಡಿಮೆ’ ಎಂಬಂಥ ಬರಹ ಕಂಡರೆ ಅದರ ಅರ್ಥ ಸೊನ್ನೆ ಎಂದಲ್ಲ. ಯಂತ್ರ ಗುರುತಿಸಬಲ್ಲ ಕನಿಷ್ಠ ಮಟ್ಟಕ್ಕಿಂತ ಕೆಳಗಿದೆ ಎಂದಷ್ಟೆ.

ಕೊನೆಗೆ ವಯಸ್ಸು. ಲ್ಯಾಬ್ ಕೊಡುವ ‘ಸಾಮಾನ್ಯ ವ್ಯಾಪ್ತಿ’ ಎಲ್ಲ ವಯಸ್ಸಿನವರಿಗೂ ಒಂದೇ ಆಗಿದ್ದರೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಈಗ ಬಳಕೆಯಲ್ಲಿರುವ ಸ್ವಯಂಚಾಲಿತ ಯಂತ್ರಗಳ ಮೇಲೆ ನಡುಮಟ್ಟದ ಅಂಕಿ 20–24 ವಯಸ್ಸಿನವರಲ್ಲಿ ಸುಮಾರು 4 ನ್ಯಾನೋಗ್ರಾಂ, ಮೂವತ್ತರ ಮೊದಲ ಅರ್ಧದಲ್ಲಿ 3ಕ್ಕೆ ತುಸು ಕೆಳಗೆ, 35–39ರಲ್ಲಿ ಸುಮಾರು 2, ನಲವತ್ತು ದಾಟಿದ ಮೇಲೆ 1ರ ಆಸುಪಾಸು. ನಡುಮಟ್ಟ ಎಂದರೆ ಅರ್ಧದಷ್ಟು ಜನ ಅದಕ್ಕಿಂತ ಕೆಳಗೇ ಇರುತ್ತಾರೆ. ಒಂದೇ ವಯಸ್ಸಿನ ಆರೋಗ್ಯವಂತರಲ್ಲೂ ಒಬ್ಬರದು ಇನ್ನೊಬ್ಬರ ಹತ್ತು ಪಟ್ಟು ಇರುವುದು ವಿಚಿತ್ರವೇನಲ್ಲ. 38ರ ಹೆಣ್ಣಿಗೆ 1.4 ಬಂದರೆ ಅದು ವಯಸ್ಸಿಗೆ ತಕ್ಕದ್ದೇ. 24ರ ಹುಡುಗಿಗೆ ಅದೇ 1.4 ಬಂದರೆ ಇನ್ನೊಮ್ಮೆ ಪರೀಕ್ಷಿಸಿ, ಯಾಕೆಂದು ಯೋಚಿಸಬೇಕಾಗುತ್ತದೆ.

ಕಡಿಮೆ ಎಂದು ಬಂದರೆ

ಚಿಕಿತ್ಸಾ ಲೋಕದಲ್ಲಿ ಬಳಸುವ ಗೆರೆಗಳು ಎರಡಿವೆ. ಯುರೋಪಿನ ತಜ್ಞರು 2011ರಲ್ಲಿ ಒಪ್ಪಿದ ಬೊಲೊನ್ಯಾ ಮಾನದಂಡದಲ್ಲಿ 0.5ರಿಂದ 1.1 ನ್ಯಾನೋಗ್ರಾಂಗಿಂತ ಕೆಳಗಿನದು ಕಡಿಮೆ. 2016ರ ಪೊಸೈಡನ್ ವರ್ಗೀಕರಣದಲ್ಲಿ ಗೆರೆ 1.2. ಎರಡನ್ನೂ ಎಳೆದದ್ದು ಐವಿಎಫ್‌ನಲ್ಲಿ ಕಡಿಮೆ ಅಂಡ ಸಿಗಬಹುದಾದವರನ್ನು ಗುರುತಿಸಲು. ತಾನಾಗಿ ಗರ್ಭ ನಿಲ್ಲುವ ಸಾಧ್ಯತೆಗೆ ಎಳೆದ ಗೆರೆಗಳಲ್ಲ ಇವು.

ಇದನ್ನು ನೇರವಾಗಿ ಪರೀಕ್ಷಿಸಿದ ಅಮೆರಿಕದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಬಂಜೆತನದ ಹಿನ್ನೆಲೆಯಿಲ್ಲದ, ಆಗತಾನೆ ಪ್ರಯತ್ನ ಶುರುಮಾಡಿದ್ದ 30ರಿಂದ 44 ವಯಸ್ಸಿನ 750 ಹೆಂಗಸರನ್ನು ಅದು ಹಿಂಬಾಲಿಸಿತು. ಎಎಂಎಚ್ 0.7ಕ್ಕಿಂತ ಕಡಿಮೆ ಇದ್ದವರಲ್ಲೂ ಆರು ಮುಟ್ಟಿನ ಅವಧಿಯಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಉಳಿದವರಷ್ಟೇ ಇತ್ತು, ಎರಡು ಗುಂಪಿನಲ್ಲೂ ಶೇ. 60ಕ್ಕಿಂತ ಮೇಲೆ. ಇದರ ಬಳಿಕ, 2019ರಲ್ಲಿ, ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಕಾಲೇಜು ‘ಮುಂದೆ ಮಕ್ಕಳಾಗುತ್ತವೆಯೇ’ ಎಂದು ತಿಳಿಯಲು ಬಂಜೆತನದ ತೊಂದರೆಯಿಲ್ಲದವರಿಗೆ ಎಎಂಎಚ್ ಮಾಡಿಸಬಾರದು ಎಂದು ಸಲಹೆ ಕೊಟ್ಟಿತು. ಕುತೂಹಲಕ್ಕೆಂದು ಈ ಪರೀಕ್ಷೆ ಮಾಡಿಸಿಕೊಂಡು ತಿಂಗಳುಗಟ್ಟಲೆ ಹೆದರಿ ಕೂರುವುದಕ್ಕಿಂತ ಮಾಡಿಸದಿರುವುದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯವೂ ಹೌದು.

ಎಎಂಎಚ್ ಎಣಿಕೆಯ ಸುಳಿವು ಕೊಡುತ್ತದೆ, ಗುಣಮಟ್ಟದ್ದಲ್ಲ. ಅಂಡದ ಗುಣಮಟ್ಟವನ್ನು, ಅಂದರೆ ಅದರ ವರ್ಣತಂತುಗಳು ಸರಿಯಾಗಿರುವ ಸಾಧ್ಯತೆಯನ್ನು, ಮುಖ್ಯವಾಗಿ ನಿರ್ಧರಿಸುವುದು ವಯಸ್ಸು. ಎಎಂಎಚ್ 0.8 ಇರುವ 29ರವಳಿಗೆ ಸಿಗುವ ಅಂಡಗಳು ಕಡಿಮೆಯಿರಬಹುದು, ಆದರೆ ಅವುಗಳಲ್ಲಿ ಚೆನ್ನಾಗಿರುವವು ಹೆಚ್ಚು. 3.0 ಇರುವ 42ರವಳಿಗೆ ಅಂಡಗಳು ಹೆಚ್ಚು ಸಿಕ್ಕರೂ ಅವುಗಳಲ್ಲಿ ಬಹುಪಾಲು ಭ್ರೂಣವಾಗಿ ನಿಲ್ಲದಿರಬಹುದು. ಇವರಿಬ್ಬರಲ್ಲಿ ಯಾರ ಸ್ಥಿತಿ ಉತ್ತಮ ಎಂದು ಎಎಂಎಚ್ ಮಾತ್ರ ನೋಡಿದವರು ತಪ್ಪಾಗಿಯೇ ಹೇಳುತ್ತಾರೆ.

ಹಾಗಾದರೆ ಕಡಿಮೆ ಬಂದದ್ದಕ್ಕೆ ಅರ್ಥವೇ ಇಲ್ಲವೇ? ಇದೆ. ಐವಿಎಫ್ ಮಾಡಿಸುವುದಾದರೆ ಒಂದು ಸುತ್ತಿನಲ್ಲಿ ಅಂಡಗಳು ಕಡಿಮೆ ಸಿಗಬಹುದು, ಹೆಚ್ಚು ಸುತ್ತು ಬೇಕಾಗಬಹುದು. ಅಂಡಗಳನ್ನು ಶೇಖರಿಸಿಡುವ ಯೋಚನೆಯಿದ್ದರೂ ಅಷ್ಟೆ. ಔಷಧಿಯ ಪ್ರಮಾಣ ಹೆಚ್ಚಿಸಿದರೆ ಸಾಕು ಎಂದು ತೋರಬಹುದು. ಒಂದು ಮಿತಿಯಾಚೆ ಅದರಿಂದ ಪ್ರಯೋಜನವಿಲ್ಲ, ಏಕೆಂದರೆ ಔಷಧಿ ಇರುವ ಫಾಲಿಕಲ್‌ಗಳನ್ನು ಬೆಳೆಸಬಲ್ಲದೇ ಹೊರತು ಇಲ್ಲದವನ್ನು ಹುಟ್ಟಿಸಲಾರದು. ತೀರಾ ಕಡಿಮೆ ಬಂತೆಂಬ ಒಂದೇ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದು ಕೂಡ ಸರಿಯಲ್ಲ. ಅಂಥವರಿಗೂ ಗರ್ಭ ನಿಂತದ್ದುಂಟು.

ಕಡಿಮೆ ಎಎಂಎಚ್‌ನ ಜೊತೆ ಮುಟ್ಟೂ ತಪ್ಪುತ್ತಿದ್ದು ವಯಸ್ಸು 40ಕ್ಕಿಂತ ಕೆಳಗಿದ್ದರೆ ಮಾತು ಬೇರೆ. ನಾಲ್ಕು ತಿಂಗಳು ಅಥವಾ ಹೆಚ್ಚು ಕಾಲ ಮುಟ್ಟು ನಿಂತಿದ್ದು ಅಥವಾ ಏರುಪೇರಾಗಿದ್ದು, ಎಫ್‌ಎಸ್‌ಎಚ್ 25ಕ್ಕಿಂತ ಮೇಲಿದ್ದರೆ ಅಂಡಾಶಯ ಅವಧಿಗೆ ಮುನ್ನವೇ ಕೆಲಸ ನಿಲ್ಲಿಸುತ್ತಿದೆ ಎಂದು ಅನುಮಾನಿಸುತ್ತಾರೆ. ಇದು ಮಗುವಿನ ವಿಷಯವಷ್ಟೇ ಅಲ್ಲ. ಈಸ್ಟ್ರೋಜನ್ ಕೊರತೆಯಿಂದ ಮೂಳೆ ಸವೆಯುತ್ತದೆ, ಹೃದಯಕ್ಕೂ ತೊಂದರೆ. ತಡಮಾಡದೆ ವೈದ್ಯರನ್ನು ಕಾಣಿ.

ಅಂಕಿಯನ್ನು ಏರಿಸುವ ಮಾತ್ರೆ, ಪುಡಿ, ಕಷಾಯಗಳ ಬಗ್ಗೆ ಒಂದು ಮಾತು. ನಿದ್ರಾವಸ್ಥೆಯ ದಾಸ್ತಾನನ್ನು ಹೆಚ್ಚಿಸುವ ಔಷಧಿ ಯಾವುದೂ ಇಲ್ಲ. ವಿಟಮಿನ್ ಡಿ ಕೊರತೆಯಿದ್ದರೆ ದೇಹದ ಸಲುವಾಗಿ ಸರಿಪಡಿಸಿಕೊಳ್ಳಿ, ಎಎಂಎಚ್ ಸಲುವಾಗಿ ಅಲ್ಲ. ಕೆಲವರು ಇದಕ್ಕೆಂದು ನುಂಗುವ ಡಿಎಚ್‌ಇಎ ಒಂದು ಹಾರ್ಮೋನ್. ಸ್ವಂತ ತೀರ್ಮಾನದಿಂದ ತೆಗೆದುಕೊಂಡರೆ ಮೊಡವೆ, ಮುಖದ ಮೇಲೆ ಕೂದಲು ಬರಬಹುದು. ನಿಮ್ಮ ಕೈಯಲ್ಲಿರುವ ಒಂದು ಸಂಗತಿಯೆಂದರೆ ಧೂಮಪಾನ ಬಿಡುವುದು. ಧೂಮಪಾನ ಫಾಲಿಕಲ್‌ಗಳನ್ನು ಬೇಗ ಮುಗಿಸುತ್ತದೆ, ಮುಟ್ಟು ಬೇಗ ನಿಲ್ಲುವಂತೆ ಮಾಡುತ್ತದೆ.

ಹೆಚ್ಚು ಎಂದು ಬಂದರೆ

ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬುದೂ ಸರಿಯಲ್ಲ. ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಇರುವವರ ಅಂಡಾಶಯದಲ್ಲಿ ಸಣ್ಣ ಫಾಲಿಕಲ್‌ಗಳು ಬೆಳವಣಿಗೆಯ ನಡುವೆ ಸಿಕ್ಕಿಕೊಂಡು ಗುಂಪುಗೂಡುತ್ತವೆ. ಅದಕ್ಕೇ ಎಎಂಎಚ್ ಏರುತ್ತದೆ, ಅಂಡ ಬಿಡುಗಡೆಯಾಗುವುದು ಮಾತ್ರ ತಪ್ಪುತ್ತದೆ. 2023ರ ಅಂತರರಾಷ್ಟ್ರೀಯ ಪಿಸಿಒಎಸ್ ಮಾರ್ಗಸೂಚಿ ವಯಸ್ಕರಲ್ಲಿ ಸ್ಕ್ಯಾನ್‌ನ ಬದಲು ಎಎಂಎಚ್ ಬಳಸಲು ಒಪ್ಪಿದೆ. ಆದರೆ ಎಎಂಎಚ್ ಒಂದರಿಂದಲೇ ಪಿಸಿಒಎಸ್ ಎನ್ನುವಂತಿಲ್ಲ, ಹದಿಹರೆಯದವರಲ್ಲಿ ಬಳಸುವಂತೆಯೇ ಇಲ್ಲ. ಮುಟ್ಟು ಕ್ರಮವಾಗಿ ಬರುತ್ತಿದ್ದು, ಪುರುಷ ಹಾರ್ಮೋನ್ ಹೆಚ್ಚಿದ ಲಕ್ಷಣಗಳೂ ಇಲ್ಲದ ಹುಡುಗಿಗೆ 6 ಬಂದರೆ ಅದು ಅವಳ ವಯಸ್ಸಿನ ಸಹಜ ಮೇಲ್ಮಟ್ಟವೇ ಇರಬಹುದು.

ಐವಿಎಫ್‌ಗೆ ಹೋಗುವವರಲ್ಲಿ 3.4ಕ್ಕಿಂತ ಮೇಲಿನ ಅಂಕಿ ಒಂದು ಎಚ್ಚರಿಕೆ. ಸಾಮಾನ್ಯ ಪ್ರಮಾಣದ ಇಂಜೆಕ್ಷನ್‌ಗೇ ಅಂಡಾಶಯ ಅತಿಯಾಗಿ ಊದಿಕೊಂಡು, ಹೊಟ್ಟೆಯಲ್ಲಿ ನೀರು ತುಂಬಿ, ರಕ್ತ ಗಟ್ಟಿಯಾಗುವ ಅಪಾಯ ಇವರಲ್ಲಿ ಜಾಸ್ತಿ. ಮೊದಲೇ ಗೊತ್ತಿದ್ದರೆ ಪ್ರಮಾಣ ತಗ್ಗಿಸಬಹುದು, ಅಂಡ ಪಕ್ವವಾಗಿಸುವ ಕೊನೆಯ ಇಂಜೆಕ್ಷನನ್ನು ಬದಲಿಸಬಹುದು, ಭ್ರೂಣಗಳನ್ನೆಲ್ಲ ಘನೀಕರಿಸಿಟ್ಟು ಗರ್ಭಕೋಶಕ್ಕೆ ಸೇರಿಸುವುದನ್ನು ಮುಂದಿನ ತಿಂಗಳಿಗೆ ಇಟ್ಟುಕೊಳ್ಳಬಹುದು. ಎಎಂಎಚ್ ತನ್ನ ಪೂರ್ತಿ ಬೆಲೆ ತೋರಿಸುವುದು ಇಲ್ಲಿಯೇ.

ಅಪರೂಪಕ್ಕೆ, ವಯಸ್ಸಿಗೆ ಒಪ್ಪದಷ್ಟು ವಿಪರೀತ ಮಟ್ಟ ಅಂಡಾಶಯದ ಒಂದು ಬಗೆಯ ಗೆಡ್ಡೆಯಿಂದಲೂ ಬರಬಹುದು. ಮುಟ್ಟು ನಿಂತ ಮೇಲೂ ಎಎಂಎಚ್ ಎತ್ತರದಲ್ಲಿದ್ದರೆ ಸ್ಕ್ಯಾನ್ ಬೇಕೇ ಬೇಕು.

ಪಕ್ಕದಲ್ಲಿಟ್ಟು ನೋಡಬೇಕಾದವು

ಮುಟ್ಟಿನ ಮೊದಲ ದಿನಗಳಲ್ಲಿ ಯೋನಿಯ ಮೂಲಕ ಮಾಡುವ ಸ್ಕ್ಯಾನ್‌ನಲ್ಲಿ ಎರಡೂ ಅಂಡಾಶಯಗಳ 2–10 ಮಿಲಿಮೀಟರ್ ಗಾತ್ರದ ಫಾಲಿಕಲ್‌ಗಳನ್ನು ಎಣಿಸುತ್ತಾರೆ. ಎಎಂಎಚ್ ಹೇಳುವುದನ್ನೇ ಇದು ಕಣ್ಣಿಗೆ ಕಾಣುವಂತೆ ಹೇಳುತ್ತದೆ. ಎರಡೂ ಸೇರಿ ಐದಕ್ಕಿಂತ ಕಡಿಮೆ ಸಿಕ್ಕರೆ ಕಡಿಮೆ ಎನ್ನುತ್ತಾರೆ. ಎಎಂಎಚ್ 0.6, ಸ್ಕ್ಯಾನ್‌ನಲ್ಲಿ 14 ಎಂದು ಬಂದರೆ ಎರಡರಲ್ಲೊಂದು ತಪ್ಪಿರುವ ಸಾಧ್ಯತೆ ಹೆಚ್ಚು. ಆಗ ಬಯೋಟಿನ್, ಮಾತ್ರೆ, ಮಾನದ ಗೊಂದಲ, ಅದಲುಬದಲಾದ ಮಾದರಿ, ಎಲ್ಲವನ್ನೂ ಒಂದೊಂದಾಗಿ ನೋಡಿ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು.

ಎಫ್‌ಎಸ್‌ಎಚ್ ಓದುವಾಗ ಎಸ್ಟ್ರಡಿಯೋಲ್ ಬಿಟ್ಟು ಓದಬೇಡಿ. ದಾಸ್ತಾನು ಕುಗ್ಗಿದಾಗ ಎಫ್‌ಎಸ್‌ಎಚ್ 10ರ ಮೇಲೆ ಏರುತ್ತದೆ. ಆದರೆ ಆ ದಿನ ಎಸ್ಟ್ರಡಿಯೋಲ್ 60–80 ಪಿಕೋಗ್ರಾಂಗಿಂತ ಹೆಚ್ಚಿದ್ದರೆ ಅದು ಎಫ್‌ಎಸ್‌ಎಚ್ಅನ್ನು ಕೆಳಗೊತ್ತಿ ‘ಎಲ್ಲ ಸರಿಯಾಗಿದೆ’ ಎಂಬ ಭ್ರಮೆ ಹುಟ್ಟಿಸುತ್ತದೆ. ಅಂಡ ಬಿಡುಗಡೆಯಾಗುತ್ತಿದೆಯೇ ಎಂಬುದನ್ನು ಇವು ಯಾವುವೂ ಹೇಳುವುದಿಲ್ಲ. ಅದಕ್ಕೆ ಮುಂದಿನ ಮುಟ್ಟಿಗೆ ಸುಮಾರು ಏಳು ದಿನ ಮೊದಲು ಪ್ರೊಜೆಸ್ಟರಾನ್ (ಅಂಡ ಬಿಡುಗಡೆಯಾದ ಮೇಲೆ ಏರುವ ಹಾರ್ಮೋನ್) ನೋಡಬೇಕು. 28 ದಿನದ ಚಕ್ರವಿದ್ದರೆ 21ನೇ ದಿನ, 35 ದಿನದ್ದಾದರೆ 28ನೇ ದಿನ. ಎಲ್ಲರಿಗೂ 21ನೇ ದಿನವೆಂದು ಬರೆದುಕೊಡುವುದರಿಂದ ಉದ್ದ ಚಕ್ರದವರಿಗೆ ಅಂಡವೇ ಬಿಡುಗಡೆಯಾಗುತ್ತಿಲ್ಲ ಎಂಬ ತಪ್ಪು ರಿಪೋರ್ಟ್ ಬರುತ್ತದೆ. ಗರ್ಭನಾಳ ತೆರೆದಿದೆಯೇ, ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನ್) ಸರಿಯಿದೆಯೇ ಎಂಬುವು ಬೇರೆಯೇ ಪರೀಕ್ಷೆಗಳು.

35ಕ್ಕಿಂತ ಚಿಕ್ಕವರು ಒಂದು ವರ್ಷ, 35 ದಾಟಿದವರು ಆರು ತಿಂಗಳು ಪ್ರಯತ್ನಿಸಿದ ಮೇಲೂ ಗರ್ಭ ನಿಲ್ಲದಿದ್ದರೆ ವೈದ್ಯರ ಬಳಿ ಹೋಗುವ ಸಮಯ. 40 ದಾಟಿದವರು ಕಾಯಬಾರದು. ಎಎಂಎಚ್ ಕಡಿಮೆ ಎಂದು ಗೊತ್ತಾದವರು ಇದಕ್ಕಿಂತ ಬೇಗ ಹೋದರೂ ತಪ್ಪಿಲ್ಲ. ಹೋಗುವಾಗ ರಿಪೋರ್ಟಿನ ಜೊತೆ ರಕ್ತ ಕೊಟ್ಟ ತಾರೀಖು, ಆಗ ನುಂಗುತ್ತಿದ್ದ ಮಾತ್ರೆಗಳ ಹೆಸರು, ಕಳೆದ ಆರು ಮುಟ್ಟಿನ ದಿನಾಂಕಗಳು, ತಾಯಿಗೆ ಮುಟ್ಟು ನಿಂತ ವಯಸ್ಸು, ಹಿಂದಿನ ಶಸ್ತ್ರಚಿಕಿತ್ಸೆಯ ಕಾಗದ ಇರಲಿ.

ಮತ್ತು ಗಂಡನ ವೀರ್ಯ ಪರೀಕ್ಷೆ. ಎರಡರಿಂದ ಏಳು ದಿನ ಸಂಭೋಗ, ವೀರ್ಯಸ್ಖಲನವಿಲ್ಲದೆ ಇದ್ದು ಮಾದರಿ ಕೊಟ್ಟರೆ ಮುಗಿಯುವ ಸರಳ ಪರೀಕ್ಷೆ ಅದು. ಹೆಂಡತಿಯ ಎಎಂಎಚ್ಅನ್ನು ಮೂರು ಸಲ ಮಾಡಿಸಿ ಗಂಡನದನ್ನು ಒಮ್ಮೆಯೂ ಮಾಡಿಸದೆ ವರ್ಷ ಕಳೆದರೆ, ಕಾರಣ ಅವನ ಕಡೆಯೇ ಇದ್ದಾಗ, ಆ ವರ್ಷದ ನಷ್ಟ ಅವಳ ಅಂಡಾಶಯಕ್ಕೆ ಆಗುತ್ತದೆ. ಎರಡೂ ಚೀಟಿಗಳನ್ನು ಒಂದೇ ದಿನ ಬರೆಸಿಕೊಳ್ಳಿ.